ಬಕೆಟ್ ಗುರುತಿನ ದೊಡ್ಡಪತ್ರೆ

ನನಗೆ ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ನಮ್ಮೂರಿನವರು ಹೇಳುತ್ತಾರೆ. ಹೇಳಲಿ. ಮೂಗು ನನ್ನದು, ಕೋಪವೂ ನನ್ನದು. ಆದರೆ ಈ ಸಂಗತಿಯಲ್ಲಿ ಮೊದಲು ಸಿಟ್ಟಿಗೆದ್ದವಳು ನಾನಲ್ಲ, ನನ್ನ ವಾರಗಿತ್ತಿ ಪುಷ್ಪಾ. ಇರುವೆ ಕಚ್ಚಿದರೆ ಇರುವೆಗೇನಾದರೂ ನೋವಾಯಿತೇ ಎಂದು ಬಗ್ಗಿ ನೋಡುವ ಹೆಣ್ಣು ಅವಳು. ಅಂಥವಳು ಗ್ರಾಮಸಭೆಯಿಂದ ಬಂದವಳೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಅಕ್ಕ, ನಾನು ಈ ಸಲ ಎಲೆಕ್ಷನ್‌ಗೆ ನಿಂತ್ಕತೀನಿ ಕಣಕ್ಕ" ಎಂದಾಗ ನನ್ನ ಕೈಯಲ್ಲಿದ್ದ ಮೊರ ಜಾರಿ ಅಕ್ಕಿಯೆಲ್ಲ ನೆಲದ ಪಾಲಾಯಿತು.

ನಮ್ಮದು ಪಿರಿಯಾಪಟ್ಟಣ ತಾಲ್ಲೂಕಿನ ಬಿದಿರುಕೊಪ್ಪಲು. ಒಂದು ಮನೆಗೆ ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿಕೊಂಡಿದ್ದೇವೆ. ಈ ಕಡೆ ನಾನು, ನಮ್ಮ ಯಜಮಾನರು ನಂಜಣ್ಣ, ಮತ್ತು ಅವರ ಹೊಗೆಸೊಪ್ಪಿನ ಚಿಂತೆ. ಆ ಕಡೆ ಮೈದುನ ಗೌರೀಶ, ಅವನ ಹೆಂಡತಿ ಪುಷ್ಪಾ. ಗೌರೀಶ ಪೇಂಟ್ ಕೆಲಸದವನು. ಬೈಲಕುಪ್ಪೆಯ ಟಿಬೆಟಿಯನ್ನರ ಕ್ಯಾಂಪಿನಲ್ಲಿ ಅವನಿಗೆ ಕೆಲಸ ಮುಗಿದದ್ದೇ ಇಲ್ಲ. ಅಲ್ಲಿ ಒಂದು ಗೋಡೆಗೆ ಹಳದಿ ಬಳಿದು ಮುಗಿಸುವ ಹೊತ್ತಿಗೆ ಇನ್ನೊಂದು ಗೋಡೆಯ ಕೆಂಪು ಮಾಸಿರುತ್ತದೆ. ಖಾಲಿಯಾದ ದೊಡ್ಡ ದೊಡ್ಡ ಬಣ್ಣದ ಬಕೆಟ್ಟುಗಳನ್ನು ಅವನು ಬೈಕಿನ ಹಿಂದೆ ಕಟ್ಟಿಕೊಂಡು ಮನೆಗೆ ತರುತ್ತಿದ್ದ. ಬೇರೆಯವರ ಮನೆಯಲ್ಲಾಗಿದ್ದರೆ ಅವು ಬಚ್ಚಲು ಸೇರುತ್ತಿದ್ದವು. ಪುಷ್ಪಾ ಅವುಗಳಲ್ಲಿ ತೋಟ ಮಾಡಿದಳು.

ನಮ್ಮ ಮನೆಗೆ ಹಿತ್ತಿಲಿಲ್ಲ. ಹಿಂದೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆ, ಮುಂದೆ ಒಂದು ಜಗಲಿ, ಗಿಡ್ಡ ಕಾಂಪೌಂಡು, ರಸ್ತೆ. ರಸ್ತೆಯಾಚೆ ಸರ್ಕಾರಿ ಶಾಲೆ. ಇದರಲ್ಲಿ ತೋಟ ಎಲ್ಲಿಂದ ಬರಬೇಕು ಎಂದು ನಾನೇ ಮೊದಮೊದಲು ನಗುತ್ತಿದ್ದೆ. ಅವಳು ಬಕೆಟ್ಟಿಗೆ ನೀರು ತುಂಬಿ ಬಿಡುತ್ತಿದ್ದಳು. ಒಳಗೆ ಒಣಗಿದ್ದ ಬಣ್ಣ ಹಾವಿನ ಪೊರೆಯ ಹಾಗೆ ಸುಲಿದು ಬರುತ್ತಿತ್ತು. ಕಂಬಿ ಕಾಯಿಸಿ ತಳಕ್ಕೆ ತೂತು ಹೊಡೆದು, ಒಡೆದ ಹೆಂಚಿನ ಚೂರು, ತೆಂಗಿನ ನಾರು ಹಾಕಿ, ಮೇಲೆ ಕೆಮ್ಮಣ್ಣು, ಕುರಿಗೊಬ್ಬರ, ಒಂದು ಹಿಡಿ ಒಲೆಯ ಬೂದಿ. ಕೊತ್ತಂಬರಿ ಬೀಜವನ್ನು ಚಪ್ಪಲಿಯಡಿ ಹಾಕಿ ಉಜ್ಜಿ ಎರಡು ಹೋಳು ಮಾಡುತ್ತಿದ್ದಳು.

"ತಿನ್ನೋ ಪದಾರ್ಥ ಕಣೇ, ಚಪ್ಪಲೀಲಿ ತುಳೀತೀಯಲ್ಲ" ಎಂದು ನಾನು ಬೈದರೆ, "ಅಂಗೆ ಒಸಿ ತುಳಿದ್ರೇನೆ ಅಕ್ಕ, ಅದಕ್ಕೆ ಎದ್ದೇಳ್ಬೇಕು ಅನ್ಸಾದು" ಎನ್ನುತ್ತಿದ್ದಳು.

ಎದ್ದವು. ತೂತು ಬಿದ್ದ ಬಿಂದಿಗೆಯಲ್ಲಿ ಮಜ್ಜಿಗೆಹುಲ್ಲು, ಗೌರೀಶನ ಸೀಳು ಬಿಟ್ಟ ಹೆಲ್ಮೆಟ್ಟಿನಲ್ಲಿ ಒಂದೆಲಗ, ಎಣ್ಣೆ ಡಬ್ಬದಲ್ಲಿ ಮೆಂತ್ಯ. ಬಕೆಟ್ಟುಗಳಲ್ಲಿ ಪುದೀನ, ಸಬ್ಬಸಿಗೆ, ಮರುಗ, ಮತ್ತೆ ಎಲ್ಲಕ್ಕಿಂತ ಹೆಚ್ಚಾಗಿ ದೊಡ್ಡಪತ್ರೆ. ಜಗಲಿ ತುಂಬಿತು, ಕಾಂಪೌಂಡು ತುಂಬಿತು, ತಾರಸಿಯ ಅಂಚೂ ತುಂಬಿತು. ರೊಟ್ಟಿಗೆ ಸಬ್ಬಸಿಗೆ ಬೇಕಾದವರು, ಮಗುವಿಗೆ ಕೆಮ್ಮು ಬಂದವರು, ಮುಡಿಗೆ ಮರುಗ ಬೇಕಾದವರು, ಎಲ್ಲರಿಗೂ ಪುಷ್ಪಾಳ ಕಾಂಪೌಂಡೇ ದಾರಿ. ನಮ್ಮ ಕಡೆ ಒಂದು ನಂಬಿಕೆ ಇದೆ. ಕೇಳಿ ತಂದ ಗಿಡಕ್ಕಿಂತ ಕದ್ದು ತಂದ ಗಿಡ ಚೆನ್ನಾಗಿ ಬೇರು ಹಿಡಿಯುತ್ತದಂತೆ. ಹಾಗಾಗಿ ಮರ್ಯಾದಸ್ಥ ಹೆಂಗಸರು ಕೂಡ ಅವಳೊಂದಿಗೆ ಮಾತಾಡುತ್ತಾ ಮಾತಾಡುತ್ತಾ ಒಂದು ಕಡ್ಡಿ ಮುರಿದು ಸೆರಗಿನೊಳಗೆ ಸೇರಿಸುತ್ತಿದ್ದರು. ಪುಷ್ಪಾ ಆಗ ಬೇಕೆಂದೇ ಬೇರೆ ಕಡೆ ತಿರುಗಿಕೊಳ್ಳುತ್ತಿದ್ದಳು. ಗಿಡ ಬೆಳೆದವಳ ದೊಡ್ಡತನ ಅದು.

ಇದನ್ನು ನೋಡಲಾರದವನು ಚನ್ನಬಸವಣ್ಣ. ಮೇಲಿನ ಬೀದಿಯವನು, ಗೊಬ್ಬರದ ಅಂಗಡಿ ಇಟ್ಟವನು, ಎರಡು ಸಲ ಪಂಚಾಯ್ತಿ ಮೆಂಬರಾದವನು. ಊರಿಗೆ ನೀರು ಸಾಲದು ಎಂಬ ಮಾತು ಗ್ರಾಮಸಭೆಯಲ್ಲಿ ಎದ್ದಾಗ ಅವನು ಎದ್ದು ನಿಂತು, "ಸಾಲ್ದೆ ಏನು? ಸ್ಕೂಲ್ ಬೀದೀಲಿ ಕುಡಿಯೋ ನೀರ್ನ ಬಕೆಟ್‌ನಾಗಿರೋ ಕಳೆಗೆ ಸುರೀತಾವ್ರೆ" ಎಂದುಬಿಟ್ಟ. ಸಭೆ ನಕ್ಕಿತು. ಪುಷ್ಪಾ ಗಿಡಗಳಿಗೆ ಹಾಕುತ್ತಿದ್ದದ್ದು ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು. ಅದನ್ನು ಹೇಳಲು ಅವಳು ಬಾಯಿ ತೆರೆಯುವಷ್ಟರಲ್ಲಿ ಸಭೆ ಮುಂದಿನ ವಿಷಯಕ್ಕೆ ಹೋಗಿತ್ತು. ಮಾರನೆಯ ದಿನದಿಂದ ನಮ್ಮ ಬೀದಿಗೆ ನೀರು ದಿನ ಬಿಟ್ಟು ದಿನ. ಮೇಲಿನ ಬೀದಿಗೆ ಮಾತ್ರ ಎಂದಿನಂತೆ ದಿನವೂ.

ನೀರು ಕಮ್ಮಿಯಾದದ್ದನ್ನು ಅವಳು ಹೇಗೋ ಸಹಿಸಿಕೊಳ್ಳುತ್ತಿದ್ದಳು. ಕಳೆ ಎಂದದ್ದನ್ನು ಸಹಿಸಲಿಲ್ಲ.

"ನಾನೇನು ಗೆದ್ದು ಮೆರೀಬೇಕು ಅಂತಿಲ್ಲ ಅಕ್ಕ. ನಮ್ ಬೀದಿಗೆ ದಿನಾ ನೀರು ಬರ್ಬೇಕು. ಕಳೆ ಅಂದ ಆ ಬಾಯಲ್ಲೇ ಗಿಡ ಅನ್ನಿಸ್ಬೇಕು. ಅಷ್ಟೇಯ" ಎಂದಳು. ನನಗೆ ಆ ಕ್ಷಣಕ್ಕೇ ಅವಳ ಮೇಲೆ ಹಿಂದೆಂದೂ ಇಲ್ಲದ ಪ್ರೀತಿ ಬಂತು. ಅಕ್ಕಿಯನ್ನು ಬಳಿದು ಮೊರಕ್ಕೆ ಹಾಕಿ, "ನಡಿ, ನಾಮಪತ್ರ ಎಲ್ಲಿ ಕೊಡ್ತಾರೆ?" ಎಂದು ನಾನೇ ಮುಂದಾದೆ.

ಪಂಚಾಯ್ತಿ ಚುನಾವಣೆಗೆ ಪಕ್ಷದ ಗುರುತುಗಳಿಲ್ಲ. ಪಟ್ಟಿಯಲ್ಲಿರುವ ಚಿತ್ರಗಳಲ್ಲಿ ಮೂರನ್ನು ಬರೆದುಕೊಡಬೇಕು. ಪುಷ್ಪಾ ಮೊದಲು ಟ್ರ್ಯಾಕ್ಟರ್ ಬರೆದಳು, ಅದನ್ನೇ ಬರೆದಿದ್ದ ಚನ್ನಬಸವಣ್ಣನಿಗೆ ಚೀಟಿ ಎತ್ತಿದಾಗ ಹೋಯಿತು. ಎರಡನೆಯದು ತೆಂಗಿನಕಾಯಿ, ಅದು ಕುಮಾರನಿಗೆ ಹೋಯಿತು. ಈ ಕುಮಾರ ನಮ್ಮ ಬೀದಿಯವನೇ, ಠೇವಣಿ ಕಳೆದುಕೊಳ್ಳುವುದಕ್ಕೆಂದೇ ಪ್ರತಿ ಚುನಾವಣೆಗೂ ನಿಲ್ಲುವವನು. ಮೂರನೆಯದಾಗಿ ಏನು ಬರೆಯಬೇಕೆಂದು ತಿಳಿಯದೆ ಗೌರೀಶ ಕಣ್ಣಿಗೆ ಬಿದ್ದದ್ದನ್ನು ಬರೆದಿದ್ದ. ಅದು ಬಕೆಟ್ಟು. ಅದೇ ಸಿಕ್ಕಿತು. ಊರೆಲ್ಲ ನಕ್ಕಿತು. ದೊಡ್ಡವರಿಗೆ ಬಕೆಟ್ ಹಿಡಿದು ಬದುಕುವವರ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಗುರುತು ಬೇಕೇ ಎಂದು ನಾನೂ ನಕ್ಕೆ.

ನಗು ಬಹಳ ದಿನ ಉಳಿಯಲಿಲ್ಲ. ಚನ್ನಬಸವಣ್ಣ ಅರ್ಜಿ ಕೊಟ್ಟ. ಅಭ್ಯರ್ಥಿ ಪುಷ್ಪಾ ಮತದಾರರಿಗೆ ಸೊಪ್ಪು ಹಂಚಿ ಆಮಿಷ ಒಡ್ಡುತ್ತಿದ್ದಾರಂತೆ! ಚುನಾವಣಾಧಿಕಾರಿ ಶಂಕರ್ ಎಂಬುವವರು ಬಂದರು. ಪಾಪ, ಒಳ್ಳೆಯ ಮನುಷ್ಯ. ಜಗಲಿಯ ಮೇಲೆ ಕೂತು, ಮಜ್ಜಿಗೆಹುಲ್ಲು ಹಾಕಿದ ಟೀ ಕುಡಿದು, ಕುಡಿದಾದ ಮೇಲೆ ಇದೂ ಆಮಿಷವಾಗುತ್ತದೇನೋ ಎಂದು ಲೋಟವನ್ನು ಒಂದು ಸಲ ಅನುಮಾನದಿಂದ ನೋಡಿದರು.

"ನೋಡಮ್ಮ, ನೀತಿಸಂಹಿತೆ ಇದೆ. ಎಲೆಕ್ಷನ್ ಮುಗಿಯೋವರೆಗೂ ಯಾರಿಗೂ ಏನೂ ಕೊಡೋ ಹಾಗಿಲ್ಲ" ಎಂದರು.

"ಒಂದು ಕಡ್ಡಿ ಕೊತ್ತಂಬರೀನೂ?" ಎಂದು ನಾನು ಕೇಳಿದೆ.

"ಕಡ್ಡೀನೂ ಇಲ್ಲ."

ಧನುರ್ಮಾಸದ ಚಳಿ. ಮಕ್ಕಳಿರುವ ಮನೆಯಲ್ಲೆಲ್ಲ ಕೆಮ್ಮು. ಎರಡು ದಿನ ಕಳೆದಿರಲಿಲ್ಲ, ಚನ್ನಬಸವಣ್ಣನ ಸೊಸೆ ರಮ್ಯಾ ಎರಡು ವರ್ಷದ ಮಗಳನ್ನು ಶಾಲಿನಲ್ಲಿ ಸುತ್ತಿಕೊಂಡು ಬಂದು ಕಾಂಪೌಂಡಿನ ಮೂಲೆಯಲ್ಲಿ ನಿಂತಳು. ಮಗು ಗೊರಗೊರ ಎನ್ನುತ್ತಿತ್ತು.

"ಪುಷ್ಪಕ್ಕ, ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಕಣಕ್ಕ ಮಗು. ನಾಕೆಲೆ ದೊಡ್ಡಪತ್ರೆ ಕೊಡಕ್ಕ."

ನನ್ನ ನಾಲಿಗೆ ಸುಮ್ಮನಿರಬೇಕಲ್ಲ. "ನಿಮ್ಮಾವನ್ನ ಕೇಳವ್ವ, ಕಳೆ ತಿಂದ್ರೆ ಕೆಮ್ಮು ಓಯ್ತದಾ ಅಂತ" ಎಂದೆ. ಆ ಹುಡುಗಿಯ ಮುಖ ಸಣ್ಣದಾಯಿತು.

ಪುಷ್ಪಾ ನನ್ನನ್ನು ಗುರಾಯಿಸಿದಳು. ಆಮೇಲೆ ರಮ್ಯಾಳಿಗೆ, "ಕೊಡಾಕಾಗಲ್ಲ ಕಣವ್ವ. ಸಾಯೇಬ್ರು ಬ್ಯಾಡ ಅಂದವ್ರೆ" ಎಂದವಳೇ ಗಿಡಗಳಿಗೆ ಬೆನ್ನು ತಿರುಗಿಸಿ ನಿಂತುಬಿಟ್ಟಳು. ನಿಂತು, ನಮ್ಮ ಮನೆಯ ಗೋಡೆಗೆ ಪಾಠ ಹೇಳುವವಳಂತೆ, "ದೊಡ್ಡಪತ್ರೇನ ಕಾವಲಿ ಮ್ಯಾಲೆ ಬಾಡಿಸ್ಬೇಕು. ರಸ ಹಿಂಡ್ಬೇಕು. ಒಂದ್ ತೊಟ್ಟು ಜೇನು ಬೆರೆಸಿ ನೆಕ್ಕಿಸ್ಬೇಕು. ತುದಿ ಎಲೆ ಬ್ಯಾಡ, ಕೆಳಗಿನ ದಪ್ಪ ಎಲೇನೆ ಆಗ್ಬೇಕು" ಎಂದಳು. ಪಾಠ ಮುಗಿಸಿ ತಿರುಗಿದಾಗ ರಮ್ಯಾ ಇರಲಿಲ್ಲ. ಕೆಳಗಿನ ದಪ್ಪ ಎಲೆಗಳೂ ಇರಲಿಲ್ಲ.

ಶುಕ್ರವಾರ ಶಂಕರ್ ಸಾಹೇಬರು ಮತ್ತೆ ಬಂದರು. ಈ ಸಲ ಟೀ ಬೇಡವೆಂದರು. ಆಗಲೇ ನನಗೆ ಗೊತ್ತಾಯಿತು, ಏನೋ ಗ್ರಹಚಾರ ಕಾದಿದೆ ಎಂದು. ಭಾನುವಾರ ಮತದಾನ. ಮತಗಟ್ಟೆ ನಮ್ಮೆದುರಿನ ಶಾಲೆ. ಮತಗಟ್ಟೆಯಿಂದ ನೂರು ಮೀಟರಿನೊಳಗೆ ಯಾವ ಅಭ್ಯರ್ಥಿಯ ಗುರುತೂ ಕಾಣಬಾರದು. ನಮ್ಮ ಮನೆಯ ಮೇಲೆ ಕೆಳಗೆ ಅಭ್ಯರ್ಥಿಯ ಗುರುತು ಸಾಲುಸಾಲಾಗಿ ಕೂತಿತ್ತು.

"ಅದು ಗಿಡ ಸಾರ್, ಗುರ್ತಲ್ಲ" ಎಂದಳು ಪುಷ್ಪಾ.

"ಗಿಡ ಇರೋದು ಬಕೆಟ್ಟಲ್ಲೇ ಅಲ್ವೇನಮ್ಮ? ಚನ್ನಬಸವಣ್ಣೋರು ಫೋಟೋ ಸಮೇತ ದೂರು ಕೊಟ್ಟಿದ್ದಾರೆ. ಆ ಬಿಂದಿಗೆ, ಹೆಲ್ಮೆಟ್ಟು, ಡಬ್ಬ ಇರ್ಲಿ. ಬಕೆಟ್ಟು ಮಾತ್ರ ತೆಗೀಬೇಕು."

ಗೌರೀಶ ಒಳಗೆ ಓಡಿ ಇದ್ದಬದ್ದ ಹಳೆ ಸೀರೆಗಳನ್ನೆಲ್ಲ ತಂದು ಕಾಂಪೌಂಡಿನ ಬಕೆಟ್ಟುಗಳಿಗೆ ಸುತ್ತಿದ. ದಿಬ್ಬಣಕ್ಕೆ ಹೊರಟ ಹೆಂಗಸರ ಹಾಗೆ ಅವು ಸಾಲಾಗಿ ನಿಂತವು. ಸಾಹೇಬರು ನಗು ತಡೆಯಲಾರದೆ ಕೆಮ್ಮಿದರು. "ಈಗ ಇನ್ನೂ ಎದ್ದು ಕಾಣ್ತಾವಲ್ಲಪ್ಪ" ಎಂದರು.

ಒಳಗೆ ಇಡೋಣವೆಂದರೆ ಜಾಗವೆಲ್ಲಿ? ಎರಡೂ ಮನೆಯ ತುಂಬ ಹರಾಜಿಗೆ ಕಾಯುತ್ತಿದ್ದ ಹೊಗೆಸೊಪ್ಪಿನ ಬೇಲುಗಳು, ಆಳೆತ್ತರದ ಮೂಟೆಗಳು. ನಾವೇ ಅವುಗಳ ಸಂದಿಯಲ್ಲಿ ಅಡ್ಡಡ್ಡ ಮಲಗುತ್ತಿದ್ದೆವು. ಜೊತೆಗೆ ಬೇಲಿನ ಹತ್ತಿರ ಹಸಿ ಮಣ್ಣು ತಂದರೆ ಬೂಷ್ಟು ಹಿಡಿದು ವರ್ಷದ ದುಡಿಮೆ ಹೋಗುತ್ತದೆ. ನಮ್ಮ ಯಜಮಾನರು ಬಾಗಿಲಿಗೇ ಅಡ್ಡ ನಿಂತರು. ಹೊಲದಲ್ಲಿಡೋಣವೆಂದರೆ ಹಂದಿಯ ಕಾಟ. ಯಾರ ಮನೆಗಾದರೂ ಕೊಡೋಣವೆಂದರೆ ಅದು ಆಮಿಷ.

"ಶನಿವಾರ ಸಾಯಂಕಾಲದೊಳಗೆ ತೆಗೀದೇ ಇದ್ರೆ ನಾವೇ ಟ್ರ್ಯಾಕ್ಟರ್ ತಂದು ತುಂಬಿಸಬೇಕಾಗುತ್ತಮ್ಮ. ನನಗೂ ಬೇಜಾರೇ" ಎಂದರು ಸಾಹೇಬರು. ರಸ್ತೆಯಲ್ಲಿ ಅಷ್ಟು ಹೊತ್ತಿಗೆ ಅರ್ಧ ಊರಿನ ಹೆಂಗಸರು ನೆರೆದಿದ್ದರು. ಪಕ್ಕದ ಬೀದಿಯ ಚಿಕ್ಕಬೀರಮ್ಮಜ್ಜಿ ಕೋಲೂರಿಕೊಂಡು ಬಂದು ಎಲ್ಲವನ್ನೂ ಕೇಳಿಸಿಕೊಂಡು ವಾಪಸು ಹೋದಳು.

ಟ್ರ್ಯಾಕ್ಟರಿಗೆ ಒಂದರ ಮೇಲೊಂದು ತುಂಬಿದರೆ ಯಾವ ಗಿಡ ಉಳಿದೀತು? ಪುಷ್ಪಾ ಆ ರಾತ್ರಿ ಊಟ ಬಿಟ್ಟಳು. "ಓಟು ಓದ್ರೆ ಓಗ್ಲಿ ಅಕ್ಕ, ನನ್ ಹೆಸ್ರು ವಾಪಸ್ ತಗಳಣ" ಎಂದಳು. ಹೆಸರು ಹಿಂತೆಗೆಯುವ ದಿನ ಯಾವಾಗಲೋ ಮುಗಿದಿತ್ತು. ಗೆಲ್ಲಬೇಕೆಂದು ನಿಂತದ್ದು ಗಿಡಗಳಿಗಾಗಿ, ನಿಂತದ್ದರಿಂದಲೇ ಗಿಡಗಳಿಗೆ ಕುತ್ತು. ನನಗೆ ಅವಳನ್ನು ನೋಡಲಾಗದೆ ಸಂಕಟವಾಯಿತು, ಸಂಕಟವಾದರೆ ನನಗೆ ಬರುವುದು ಕೋಪವೇ. ಪಾತ್ರೆಗಳನ್ನು ಕುಕ್ಕಿ ಕುಕ್ಕಿ ತೊಳೆದೆ.

ಕೊನೆಗೆ ಗೌರೀಶನಿಗೊಂದು ಉಪಾಯ ಹೊಳೆಯಿತು. ಬೈಲಕುಪ್ಪೆ ಕ್ಯಾಂಪಿನಲ್ಲಿ ಅವನು ಬಣ್ಣ ಹೊಡೆದ ಒಂದು ಅಂಗಡಿಯ ಹಿಂದೆ ಬೇಲಿ ಹಾಕಿದ ದೊಡ್ಡ ಅಂಗಳವಿತ್ತು. ಶನಿವಾರ ಬೆಳಿಗ್ಗೆ ಮೂವರೂ ಹೋದೆವು. ಅಂಗಡಿಯ ಟಿಬೆಟಿಯನ್ ಅಜ್ಜ ನಮಗಿಂತ ಚೆನ್ನಾಗಿ ಕನ್ನಡ ಮಾತಾಡುತ್ತಾ, "ಇಡಿ ಇಡಿ, ಎರಡು ದಿನ ಯಾಕೆ, ನಾಲ್ಕು ದಿನ ಇಡಿ" ಎಂದರು. ಪುಷ್ಪಾಳ ಮುಖಕ್ಕೆ ಬಣ್ಣ ಬಂತು. ಲಗೇಜ್ ಆಟೋ ಗೊತ್ತು ಮಾಡಿಕೊಂಡು, ಅದರಲ್ಲೇ ಕೂತು, ಮಧ್ಯಾಹ್ನದ ಹೊತ್ತಿಗೆ ಊರಿಗೆ ಬಂದಿಳಿದೆವು.

ಕಾಂಪೌಂಡಿನ ಮೇಲೆ ಒಂದು ಬಕೆಟ್ಟೂ ಇರಲಿಲ್ಲ.

ಜಗಲಿಯ ಮೇಲಿಲ್ಲ, ತಾರಸಿಯ ಮೇಲಿಲ್ಲ. ಬಕೆಟ್ಟು ಕೂತಿದ್ದ ಜಾಗದಲ್ಲಿ ದುಂಡಗಿನ ಒದ್ದೆ ಗುರುತುಗಳು ಮಾತ್ರ. ಹೆಲ್ಮೆಟ್ಟಿನ ಒಂದೆಲಗ ಒಂಟಿಯಾಗಿ ಕೂತಿತ್ತು. ಆಟೋದವನು ಇಳಿದು ಸುತ್ತ ನೋಡಿ, "ಏನಣ್ಣ ಲೋಡ್ ಮಾಡ್ಬೇಕಾಗಿರಾದು?" ಎಂದ. ನಮ್ಮ ಯಜಮಾನರು ಬೆಳಿಗ್ಗೆಯೇ ಹೊಲಕ್ಕೆ ಹೋಗಿದ್ದರು. ಪುಷ್ಪಾ ಜಗಲಿಯ ಮೇಲೆ ಕುಸಿದು ಕೂತಳು. ಅಳಲಿಲ್ಲ, ಸುಮ್ಮನೆ ಒಂದು ಒದ್ದೆ ಗುರುತಿನ ಮೇಲೆ ಕೈಯಿಟ್ಟುಕೊಂಡಳು. ಅಷ್ಟು ಸಾಕಾಯಿತು ನನಗೆ.

ನಾನು ಮೇಲಿನ ಬೀದಿಗೆ ಹೇಗೆ ಹೋದೆನೋ ನನಗೆ ನೆನಪಿಲ್ಲ. ನೋಡಿದವರು ಹೇಳುವ ಪ್ರಕಾರ ಕೈಯಲ್ಲಿ ಪೊರಕೆ ಇತ್ತಂತೆ. ಚನ್ನಬಸವಣ್ಣ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ತನ್ನ ಕಡೆಯವರ ಜೊತೆ ವೋಟಿನ ಲೆಕ್ಕದಲ್ಲಿದ್ದ.

"ನಿಂಗೇನು ಮಾನ ಮರ್ವಾದೆ ಅದಾ?" ಎಂದೆ. ವಯಸ್ಸಿನಲ್ಲಿ ಹಿರಿಯ, ಎಂದೂ ಬಹುವಚನ ಬಿಟ್ಟು ಮಾತಾಡಿದವಳಲ್ಲ. ಆ ದಿನ ಬಹುವಚನ ಬಾಯಿಗೇ ಬರಲಿಲ್ಲ. "ಸಾಯಂಕಾಲದ್ ಗಂಟ ತಡ್ಕಳ್ಳಕ್ಕೆ ಆಗ್ನಿಲ್ವಾ ನಿಂಗೆ? ನಾವ್ ಊರಲ್ಲಿಲ್ದೆ ಇರೋವಾಗ ಗಿಡನೆಲ್ಲ ಎತ್ತಿ ಬಿಸಾಕ್ಸಿದ್ದೀಯಲ್ಲ!"

"ಏನ್ ಪ್ರೇಮಮ್ಮ, ಏನಾಯ್ತು? ಯಾವ್ ಗಿಡ?" ಎಂದು ಅವನು ಎದ್ದು ನಿಂತ. ಅವನ ಕಣ್ಣಲ್ಲಿ ನಿಜಕ್ಕೂ ಗಾಬರಿ ಇತ್ತು. ಎಂಥ ನಾಟಕ ಆಡ್ತಾನೆ ಎಂದುಕೊಂಡು ನಾನು ಇನ್ನೂ ದನಿ ಏರಿಸಬೇಕು, ಅಷ್ಟರಲ್ಲಿ ನನ್ನ ಕಣ್ಣು ಬಟ್ಟೆ ಒಗೆಯುವ ಕಲ್ಲಿನ ಕಡೆ ಹೋಯಿತು. ಕಲ್ಲಿನ ಪಕ್ಕದಲ್ಲಿ ಹಳದಿ ಬಣ್ಣ ಸುರಿದ ಬಕೆಟ್ಟು, ಅದರ ತುಂಬ ದೊಡ್ಡಪತ್ರೆ.

"ಅಗೋ! ಅಗೋ ನೋಡ್ರಪ್ಪ ಕಳ್ಳಮಾಲು!" ಎಂದು ಕೂಗಿದೆ.

ಚನ್ನಬಸವಣ್ಣ ತಿರುಗಿ ನೋಡಿದ. ತನ್ನ ಎದುರಾಳಿಯ ಗುರುತು ತನ್ನದೇ ಅಂಗಳದಲ್ಲಿ ಕೂತಿರುವುದನ್ನು ಕಂಡು ಅವನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಅವನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ರಮ್ಯಾ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಹೊರಗೆ ಬಂದಳು.

"ಅದು ನಾನ್ ಕದ್ದದ್ದು, ಮಾವ" ಎಂದಳು.

"ಕದ್ದದ್ದಾ?"

"ಊಂ. ಕೊಡಾದು ತಪ್ಪು ಅಂತ ನೀವೇ ಅರ್ಜಿ ಕೊಟ್ರಲ್ಲ. ಕದಿಯಾದು ತಪ್ಪು ಅಂತ ಯಾರೂ ಅರ್ಜಿ ಕೊಟ್ಟಿಲ್ಲ. ಬೆಳಿಗ್ಗೆ ಚಿಕ್ಕಬೀರಮ್ಮಜ್ಜಿ ಬಂದು ಮೊದ್ಲು ಒಂದು ಎತ್ತಿಸ್ಕಂಡ್ರು. ಆಮೇಲೆ ಊರೋರೆಲ್ಲ ಒಂದೊಂದು ಎತ್ಕಂಡೋದ್ರು. ಕದ್ದ ಗಿಡ ಚೆಂದಾಗ್ ಬತ್ತದಲ್ಲ" ಎಂದು ಹೇಳಿ, ನನ್ನ ಕಡೆ ತಿರುಗಿ, "ಮಗೀಗೆ ಕೆಮ್ಮು ಕಮ್ಮಿ ಆಗದೆ ಪ್ರೇಮಕ್ಕ" ಎಂದಳು.

ನನ್ನ ಪೊರಕೆಯನ್ನು ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಅದರಿಂದಲೇ ಅವರ ಅಂಗಳದ ನಾಲ್ಕು ಎಲೆ ಗುಡಿಸಿದೆ. ಗುಡಿಸಿ, "ಬತ್ತೀನಿ ಚನ್ನಬಸವಣ್ಣೋರೆ" ಎಂದು ಬಹುವಚನದಲ್ಲೇ ಹೇಳಿ ಹೊರಟೆ.

ವಾಪಸು ಬರುವಾಗ ನಿಧಾನವಾಗಿ ನೋಡಿಕೊಂಡು ಬಂದೆ. ಒಂದು ಮನೆಯ ಮೆಟ್ಟಿಲ ಮೇಲೆ ಪುದೀನ, ಇನ್ನೊಂದರ ಬಾವಿಕಟ್ಟೆಯ ಮೇಲೆ ಮರುಗ, ಕೊಟ್ಟಿಗೆಯ ಬಾಗಿಲಲ್ಲಿ ಸಬ್ಬಸಿಗೆ. ಹೋಗಿ ಪುಷ್ಪಾಳನ್ನು ಕೈಹಿಡಿದು ಎಬ್ಬಿಸಿ ಕರೆದುಕೊಂಡು ಬಂದೆ. ಅವಳು ಪ್ರತಿ ಬಾಗಿಲ ಮುಂದೆ ನಿಂತಳು. ಮನೆಯವರೆಲ್ಲ ಅವಳು ಬಂದಾಗ ಬೇಕೆಂದೇ ಬೇರೆ ಕಡೆ ತಿರುಗಿಕೊಂಡರು. ಚಿಕ್ಕಬೀರಮ್ಮಜ್ಜಿ ಮಾತ್ರ ತನ್ನ ಬಕೆಟ್ಟನ್ನು ಕಾಲಲ್ಲಿ ಹಿಂದಕ್ಕೆ ತಳ್ಳಿಕೊಂಡು, "ಕೇಳ್ಬ್ಯಾಡ ಕಣವ್ವ, ನಾನ್ ಕೊಡಾಕಿಲ್ಲ" ಎಂದಳು. ಪುಷ್ಪಾ ಅಲ್ಲಿಯವರೆಗೆ ತಡೆದುಕೊಂಡಿದ್ದವಳು ಆಗ ನಗುತ್ತಾ ನಗುತ್ತಾ ಅತ್ತಳು. ನಾನೂ ಅತ್ತೆ, ಅದನ್ನೇಕೆ ಮುಚ್ಚಿಡಲಿ.

ಭಾನುವಾರ ಮತದಾನ. ನಮ್ಮ ಕಾಂಪೌಂಡು ಬೋಳು. ನೂರು ಮೀಟರಿನಾಚೆ ಮಾತ್ರ ಮನೆಮನೆಯ ಬಾಗಿಲಲ್ಲೂ ಬಕೆಟ್ಟು. ಅದನ್ನು ದಾಟಿಕೊಂಡೇ ಜನ ವೋಟಿಗೆ ಬಂದರು. ಚನ್ನಬಸವಣ್ಣನ ಕಡೆಯವನೊಬ್ಬ ಶಂಕರ್ ಸಾಹೇಬರ ಹತ್ತಿರ ಗೊಣಗಿದ. ಸಾಹೇಬರು, "ಯಾರ್‍ಯಾರ ಮನೇಲಿದೆ ಅಂತ ಬರೆದುಕೊಡಿ, ನೋಡೋಣ" ಎಂದರು. ಬರೆಯುವುದಾದರೆ ಮೇಲಿನ ಬೀದಿಯ ಮೊದಲ ಮನೆಯೇ ಚನ್ನಬಸವಣ್ಣನದು. ಗೊಣಗಾಟ ಅಲ್ಲಿಗೇ ನಿಂತಿತು.

ಇಷ್ಟಾದ ಮೇಲೆ ಪುಷ್ಪಾ ಗೆದ್ದಳು ಎಂದು ನೀವು ಅಂದುಕೊಂಡಿದ್ದರೆ ನಿಮಗೆ ನಮ್ಮೂರು ಗೊತ್ತಿಲ್ಲ. ಸೋತಳು. ಚನ್ನಬಸವಣ್ಣನಿಗಿಂತ ಹನ್ನೊಂದು ವೋಟು ಕಮ್ಮಿ. ಎಂದೂ ಹತ್ತು ವೋಟು ದಾಟದ ಕುಮಾರ ಈ ಸಲ ನಮ್ಮ ಬೀದಿಯಲ್ಲೇ ಮೂವತ್ತು ತಿಂದಿದ್ದ. ಅವಳ ಸೊಪ್ಪು ತಿಂದವರೆಲ್ಲ ವೋಟು ಹಾಕಿದ್ದರೆ ಅವಳು ಇಷ್ಟು ಹೊತ್ತಿಗೆ ವಿಧಾನಸೌಧದಲ್ಲಿರಬೇಕಿತ್ತು. ನಾನು ಮೂರು ದಿನ ಬೀದಿಯಲ್ಲಿ ಯಾರನ್ನೂ ಮಾತಾಡಿಸಲಿಲ್ಲ. ಯಾರು ಹಾಕಿದ್ದಾರೆ, ಯಾರು ಹಾಕಿಲ್ಲ ಎಂದು ಗೊತ್ತಿಲ್ಲವಲ್ಲ, ಹಾಗಾಗಿ ಎಲ್ಲರ ಮೇಲೂ ಕೋಪ.

"ಬುಡಕ್ಕ, ಗಿಡ ಉಳೀತಲ್ಲ" ಎಂದು ಪುಷ್ಪಾ ನನ್ನನ್ನೇ ಸಮಾಧಾನ ಮಾಡಿದಳು. ಆದರೆ ಸಂಜೆ ಜಗಲಿಯ ಮೇಲೆ ಕೂತಾಗ ಮೆಲ್ಲಗೆ, "ಅವ್ರ ಬಾಯಲ್ಲಿ ಕಳೆ ಕಳೆಯಾಗೇ ಉಳ್ಕಂತಲ್ಲಕ್ಕ" ಎಂದಳು. ನೀರು ದಿನ ಬಿಟ್ಟು ದಿನವೇ ಬರುತ್ತಿತ್ತು.

ಬಕೆಟ್ಟುಗಳೂ ವಾಪಸು ಬರಲಿಲ್ಲ. ಕದ್ದದ್ದನ್ನು ಹಿಂತಿರುಗಿಸಿದರೆ ಗಿಡ ಮುನಿಸಿಕೊಳ್ಳುತ್ತದೆ ಎಂದು ಚಿಕ್ಕಬೀರಮ್ಮಜ್ಜಿ ಹೊಸ ಶಾಸ್ತ್ರ ಹೊರಡಿಸಿದ್ದಳು. ಗೌರೀಶ ಮತ್ತೆ ಬೈಲಕುಪ್ಪೆಯಿಂದ ಖಾಲಿ ಬಕೆಟ್ಟು ತರತೊಡಗಿದ. ಪುಷ್ಪಾ ಮತ್ತೆ ಕಂಬಿ ಕಾಯಿಸಿದಳು. ಹೊಗೆಸೊಪ್ಪು ಹರಾಜಾಗಿ ಮನೆ ಖಾಲಿಯಾಯಿತು, ಕಾಂಪೌಂಡಿನ ಮೇಲೆ ಕೊತ್ತಂಬರಿ ಎರಡೆಲೆ ಬಿಟ್ಟಿತು.

ಶಿವರಾತ್ರಿ ಕಳೆದ ಒಂದು ಭಾನುವಾರ ಬೆಳಿಗ್ಗೆ ನಾನು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ಮೆಂಬರ್ ಚನ್ನಬಸವಣ್ಣನ ಸ್ಕೂಟರು ಬಂದು ಕಾಂಪೌಂಡಿನ ಮುಂದೆ ನಿಂತಿತು. ಕಾಲ ಹತ್ತಿರ ಟವೆಲ್ ಹೊದಿಸಿದ ಏನೋ ಒಂದು. ಅವನು ಬೀದಿಯ ಆ ಕಡೆ ಈ ಕಡೆ ನೋಡಿ, ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಬಂದ. ನಾನು ಜಗಳಕ್ಕೆ ಸೆರಗು ಸರಿಮಾಡಿಕೊಂಡೆ.

"ಪುಷ್ಪಮ್ಮ ಅವ್ಳಾ?" ಎಂದ, ಬಹಳ ಮೆತ್ತಗೆ.

ಪುಷ್ಪಾ ಹೊರಗೆ ಬಂದಳು. ಅವನು ಟವೆಲ್ ತೆಗೆದ. ದೊಡ್ಡಪತ್ರೆಯ ಎಲೆಗಳೆಲ್ಲ ಹಳದಿ, ಕಾಂಡ ಬೆಂದ ಬದನೆಕಾಯಿಯ ಹಾಗೆ ಮೆತ್ತಗಾಗಿತ್ತು.

"ಸೊಸೆ ತವರ್ಗೆ ಓಗವ್ಳೆ, ನೋಡ್ಕಳಿ ಮಾವ ಅಂತ ಏಳಿ ಓದ್ಲು" ಎಂದ. "ಮೊಮ್ಮಗಳು ದಿನಾ ಫೋನ್‌ನಾಗೆ ಅದ್ನೇ ತೋರ್ಸು ಅಂತದೆ. ನಾನೂ ಅಂಗಡೀಲಿರೋ ಗೊಬ್ಬರ್ವೆಲ್ಲ ಆಕ್ದೆ. ಏನ್ ಮಾಡುದ್ರೂ ಬಾಡ್ತಾನೇ ಅದೆ. ಅವ್ರು ಬರೋ ವತ್ಗೆ ಸತ್ತೋದ್ರೆ ನಾನ್ ಆ ಮಗೀಗೆ ಏನವ್ವ ಏಳ್ಲಿ? ಎಂಗಾರ ಮಾಡಿ ಈ ಗಿಡ ಒಂದು ಉಳಿಸ್ಕೊಡವ್ವ."

ಗಿಡ ಎಂದ. ನನ್ನ ಕೈಯಲ್ಲಿದ್ದ ಅವರೆಕಾಯಿ ಕೈಯಲ್ಲೇ ಉಳಿಯಿತು. ಪುಷ್ಪಾಳಿಗೂ ಕೇಳಿಸಿತು, ಅವಳ ಕಿವಿ ಕೆಂಪಾದದ್ದನ್ನು ನಾನು ನೋಡಿದೆ. ಆದರೆ ಅವಳು ಬಕೆಟ್ಟಿನ ಮುಂದೆ ಕುಕ್ಕುರುಗಾಲಲ್ಲಿ ಕೂತು, ಮಣ್ಣಿಗೆ ಬೆರಳಿಟ್ಟು ನೋಡಿದಳು. ಬೆರಳು ಕೆಸರಾಗಿ ಬಂತು.

"ನೀರೆಷ್ಟು ಆಕ್ತಿದ್ರಿ ಅಣ್ಣ?"

"ಬೆಳಿಗ್ಗೆ ಒಂದ್ ಕೊಡ, ಸಾಯಂಕಾಲ ಒಂದ್ ಕೊಡ."

"ದಿನಾನಾ?"

"ದಿನಾನೂ. ಒಂದಿನಾನೂ ತಪ್ಪಿಸಿಲ್ಲ."

ಪುಷ್ಪಾ ತಲೆ ಎತ್ತಿ ಅವನನ್ನು ನೋಡಿದಳು. ಅವಳ ದನಿಯಲ್ಲಿ ಕುಹಕವಿರಲಿಲ್ಲ, ಕಾಯಿಲೆ ಬಿದ್ದ ಮಗುವಿನ ಮನೆಯವರಿಗೆ ಹೇಳುವಂತೆ ಹೇಳಿದಳು. "ನೀರು ಜಾಸ್ತಿ ಆಗದೆ ಅಣ್ಣ. ಇದು ಅಷ್ಟೊಂದು ಕುಡಿಯೋ ಗಿಡ ಅಲ್ಲ. ಅಕ್ಕಿ ತೊಳೆದದ್ದು ಒಂದು ಚೊಂಬು, ಅದೂ ದಿನ ಬಿಟ್ಟು ದಿನ. ನಾನು ಯಾವಾಗ್ಲೂ ಅಷ್ಟೇ ಆಕಿರಾದು."

ಅವನು ಕಾಂಪೌಂಡಿನಾಚೆಯ ನಲ್ಲಿಯನ್ನು ನೋಡಿದ. ನನ್ನ ನಾಲಿಗೆಯ ತುದಿಗೆ ನೂರು ಮಾತು ಬಂದಿತ್ತು. ಜೀವಮಾನದಲ್ಲಿ ಮೊದಲ ಸಲ ಅಷ್ಟನ್ನೂ ನುಂಗಿಕೊಂಡು ಅವರೆಕಾಯಿ ಸುಲಿದೆ. ಪುಷ್ಪಾ ಒಳಗೆ ಹೋಗಿ ಚಾಕು ತಂದು, ಇನ್ನೂ ಗಟ್ಟಿಯಿದ್ದ ಎರಡು ತುದಿ ಕತ್ತರಿಸಿ, ಒಣ ಮಣ್ಣು ತುಂಬಿದ ಹೊಸ ಬಕೆಟ್ಟಿಗೆ ನೆಟ್ಟು ಅವನ ಕೈಗಿತ್ತಳು. ಅವನು ಅದನ್ನು ಸ್ಕೂಟರಿನಲ್ಲಿಟ್ಟುಕೊಂಡು ಹೊರಟ. ಟವೆಲ್ ಹೊದಿಸುವುದನ್ನು ಮರೆತಿದ್ದ, ಅಥವಾ ಬೇಡವೆಂದುಕೊಂಡ.

ಮಾರನೆಯ ದಿನ ಸೋಮವಾರ. ನಮ್ಮ ಬೀದಿಗೆ ನೀರಿನ ಸರದಿಯಲ್ಲ. ನಾವಿನ್ನೂ ಕಾಫಿ ಕುಡಿಯುತ್ತಿದ್ದೆವು, ಹೊರಗೆ ನಲ್ಲಿ ಗೊರಗುಟ್ಟಿ ನೀರು ಬಂತು. ಪುಷ್ಪಾ ಲೋಟ ಅಲ್ಲೇ ಇಟ್ಟು, ಕೊಡ ಎತ್ತಿಕೊಂಡು ಓಡಿದಳು.